ವಿಮೋಚನೆಯ ಮರುದಿನ: ಸುಂದರಲಾಲ್ ವರದಿಯ ಒಂದು ದೈವಶಾಸ್ತ್ರೀಯ ಓದು

ಕನ್ನಡ ಬೈಬಲಿನ ಎರಡನೆಯ ಗ್ರಂಥಕ್ಕೆ 'ವಿಮೋಚನಕಾಂಡ' ಎಂದು ಹೆಸರು. ಹೀಬ್ರೂ ಸಂಪ್ರದಾಯ ಅದನ್ನು 'ಹೆಸರುಗಳು' ಎಂದಷ್ಟೇ ಕರೆಯುತ್ತದೆ. ಗ್ರೀಕ್ ಅನುವಾದದ ಶೀರ್ಷಿಕೆಗೆ 'ಹೊರಹೋಗುವಿಕೆ' ಎಂದರ್ಥ. ನಮ್ಮ ಅನುವಾದಕರು ನಡೆದ ಸಂಗತಿಯನ್ನು ಹೇಳಿ ಸುಮ್ಮನಾಗದೆ, ಅದರ ಅರ್ಥವನ್ನೇ ಗ್ರಂಥದ ನೆತ್ತಿಯ ಮೇಲೆ ಬರೆದರು. ದೈವಶಾಸ್ತ್ರದ ದೃಷ್ಟಿಯಿಂದ ಅದು ಒಪ್ಪತಕ್ಕ ಆಯ್ಕೆಯೇ. ಆದರೆ ಬೀದರ್, ಭಾಲ್ಕಿ, ಔರಾದ್ ಸೀಮೆಯಲ್ಲಿ ಬೋಧಿಸುವ ಯಾಜಕನಿಗೆ ಅದು ಇನ್ನೊಂದು ಹೊರೆಯನ್ನೂ ಹೊರಿಸುತ್ತದೆ. ಏಕೆಂದರೆ ಇಲ್ಲಿ 'ವಿಮೋಚನೆ' ಎಂಬ ಮಾತು ಪ್ರತಿವರ್ಷ ಸೆಪ್ಟೆಂಬರ್ 17ರಂದು ಧ್ವಜಸ್ತಂಭದ ಬುಡದಲ್ಲಿಯೂ ಕೇಳಿಬರುತ್ತದೆ. ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಅದನ್ನು ಆಚರಿಸುತ್ತ ಬಂದಿದ್ದೇವೆ. 2019ರಲ್ಲಿ ಈ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಾದ ಮೇಲೆ ಅದು ಉತ್ಸವದ ದಿನವಾಗಿದೆ. ಇವೆರಡರ ಜೊತೆಗೆ ತರಗತಿಯಲ್ಲಿ ನಾವು ಕಲಿಸುವ 'ವಿಮೋಚನಾ ದೈವಶಾಸ್ತ್ರ' ಬೇರೆ. ಒಂದೇ ಪದ ಮೂರು ಕಡೆ ಕೆಲಸ ಮಾಡುತ್ತಿರುವಾಗ ಒಂದರ ಬಣ್ಣ ಇನ್ನೊಂದಕ್ಕೆ ಹತ್ತದೆ ಇರುವುದಿಲ್ಲ.

ಹತ್ತಿರುವುದನ್ನು ಸೆಪ್ಟೆಂಬರ್ ಎರಡನೇ, ಮೂರನೇ ವಾರದ ಪ್ರಬೋಧನೆಗಳಲ್ಲಿ ಕೇಳುತ್ತಲೇ ಇದ್ದೇವೆ. ನಿಜಾಮನು ಫರೋಹನಾಗುತ್ತಾನೆ, ರಜಾಕಾರರು ಬಿಟ್ಟಿ ಕೆಲಸ ಮಾಡಿಸುವ ಅಧಿಕಾರಿಗಳಾಗುತ್ತಾರೆ, ಮಾಂಜ್ರಾ ನದಿ ಕೆಂಪು ಸಮುದ್ರವಾಗುತ್ತದೆ. ಅಭ್ಯಾಸಕ್ಕೆಂದು ಪ್ರಬೋಧನೆ ಬರೆದು ತರುವ ಬ್ರದರುಗಳಿಗೂ ಈ ಹೋಲಿಕೆ ತಾನಾಗಿಯೇ ಹೊಳೆಯುತ್ತದೆ. ಕೇಳುವವರೂ ತಲೆದೂಗುತ್ತಾರೆ. ಈ ಹೋಲಿಕೆ ಎಷ್ಟು ದೂರ ನಡೆಯಬಲ್ಲುದು, ಎಲ್ಲಿ ಕುಂಟುತ್ತದೆ ಎಂಬುದನ್ನು ನೋಡುವುದಕ್ಕೆ ನಾವು ಇಲ್ಲಿ ಒಂದು ಪಠ್ಯವನ್ನು ಎದುರಿಗಿಟ್ಟುಕೊಂಡಿದ್ದೇವೆ. ಅದು ಧರ್ಮಗ್ರಂಥವಲ್ಲ, ಸಾಹಿತ್ಯಕೃತಿಯೂ ಅಲ್ಲ. 1948ರ ಸೇನಾ ಕಾರ್ಯಾಚರಣೆಯ ತರುವಾಯ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಎಂಬ ಮೂವರು ಭಾರತ ಸರ್ಕಾರಕ್ಕೆ ಒಪ್ಪಿಸಿದ ವರದಿ. ಎ. ಜಿ. ನೂರಾನಿಯವರು ಹೈದರಾಬಾದಿನ ಪತನವನ್ನು ಕುರಿತ ತಮ್ಮ 2013ರ ಗ್ರಂಥಕ್ಕೆ ಅದನ್ನು ಅನುಬಂಧವಾಗಿ ಸೇರಿಸಿದ ಮೇಲೆ ಅದು ಸುಲಭವಾಗಿ ಓದಲು ಸಿಗುವಂತಾಗಿದೆ.

ಮೊದಲಿಗೆ, ಬಿಡುಗಡೆ ಯಾವುದರಿಂದ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ಕಟ್ಟುಕಥೆಯಲ್ಲ. ಸತ್ತವರು ಇನ್ನೂರರಷ್ಟು ಎಂದು ಆ ಸೀಮೆಯ ನೆನಪು ಹೇಳುತ್ತದೆ. ಊರು ಬಿಟ್ಟು ಸೋಲಾಪುರದ ಕಡೆಗೆ ಓಡಿಹೋದ ಕುಟುಂಬಗಳಿದ್ದವು. ಬೆಳೆದ ಧಾನ್ಯದ ಮೇಲೆ ಲೇವಿ ಇತ್ತು. ಮನೆಯ ಕಣಜ ತುಂಬುವ ಮೊದಲೇ ಸರ್ಕಾರದ ಪಾಲು ಹೋಗಬೇಕಾಗಿತ್ತು. ಮಕ್ಕಳಿಗೆ ತಾಯಿನುಡಿಯಲ್ಲಿ ಅಕ್ಷರ ಕಲಿಸುವುದೂ ಒಂದು ಸಾಹಸವಾಗಿತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದ ಸಂಗತಿಯನ್ನು ಈ ಜಿಲ್ಲೆಯಲ್ಲಿ ಯಾವ ಮತದವರನ್ನು ಕೇಳಿದರೂ ಹೇಳುತ್ತಾರೆ. ಸೆಪ್ಟೆಂಬರ್ 13ರಂದು ಸೇನೆ ಗಡಿ ದಾಟಿದಾಗ, 17ರ ನಸುಕಿನಲ್ಲಿ ಬೀದರ್ ಪ್ರವೇಶಿಸಿದಾಗ, ನಿಟ್ಟುಸಿರು ಬಿಟ್ಟವರ ನಿಟ್ಟುಸಿರು ನಿಜವಾದದ್ದು. ಅದನ್ನು ಸಂಶಯಿಸುವ ಯಾವ ವಿಮರ್ಶೆಯೂ ನ್ಯಾಯವಾದದ್ದಲ್ಲ.

ವರದಿ ಪ್ರಾರಂಭವಾಗುವುದು ಆ ನಿಟ್ಟುಸಿರಿನ ಮರುದಿನದಿಂದ. ಮೂವರು ಸದಸ್ಯರು 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದಲ್ಲಿ ಸಂಚರಿಸಿದರು. ಹದಿನಾರು ಜಿಲ್ಲೆಗಳ ಪೈಕಿ ಒಂಬತ್ತನ್ನು ಸುತ್ತಿದರು. ಏಳು ಜಿಲ್ಲಾ ಕೇಂದ್ರ, 21 ಪಟ್ಟಣ, 23 ಮುಖ್ಯ ಹಳ್ಳಿಗಳನ್ನು ಕಂಡರು. ತಾವು ಹೋಗಲಾಗದ 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರ ಮಾತನ್ನು ಕೇಳಿಕೊಂಡರು. ಅವರಿಗಿದ್ದ ಕೆಲಸ ತನಿಖೆಯಲ್ಲ, ಸೌಹಾರ್ದವನ್ನು ಕೂಡಿಸುವುದು. ಆದರೆ ಸೌಹಾರ್ದದ ಮಾತೆತ್ತಬೇಕಾದರೆ ಮೊದಲು ಏನು ನಡೆಯಿತೆಂದು ಕೇಳಲೇಬೇಕಲ್ಲ. ಕೇಳಿದರು. ಕಾರ್ಯಾಚರಣೆಯ ವೇಳೆ ಮತ್ತು ಆಮೇಲೆ ಸಂಸ್ಥಾನದಲ್ಲಿ ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಪ್ರಾಣ ಕಳೆದುಕೊಂಡರೆಂಬುದು ಅವರ ಅಂದಾಜು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅವರು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್‌ಗಳನ್ನು ಹೆಸರಿಸುತ್ತಾರೆ. ಈ ನಾಲ್ಕರಲ್ಲೇ ಸತ್ತವರು 18 ಸಾವಿರಕ್ಕೆ ಕಡಿಮೆಯಿಲ್ಲ ಎನ್ನುತ್ತಾರೆ. ಸತ್ತವರು ಬಹುಪಾಲು ಮುಸಲ್ಮಾನರು. ಕೊಂದವರು ಹೆಚ್ಚಾಗಿ ಗುಂಪುಗಳು. ಆದರೆ ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಗೆ ಪ್ರೋತ್ಸಾಹ ಕೊಟ್ಟರು, ಕೆಲವೆಡೆ ತಾವೇ ಕೈಹಾಕಿದರು ಎಂಬುದನ್ನು ವರದಿ ಮುಚ್ಚಿಡುವುದಿಲ್ಲ. ಶಿಸ್ತಿನಿಂದ ನಡೆದುಕೊಂಡ ಸೇನಾಧಿಕಾರಿಗಳನ್ನೂ ಅದೇ ವರದಿ ಕೃತಜ್ಞತೆಯಿಂದ ನೆನೆಯುತ್ತದೆ. ಸರ್ಕಾರ ಇದನ್ನು ಪ್ರಕಟಿಸಲಿಲ್ಲ. ಸರ್ದಾರ್ ಪಟೇಲರು ಒಪ್ಪಲೂ ಇಲ್ಲ.

ಈ ನಾಲ್ಕು ಹೆಸರುಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದರೆ ಔರಾದ್‌ನ ಬೆನ್ನಿಗೆ ನಾಂದೇಡ್, ಭಾಲ್ಕಿ–ಬಸವಕಲ್ಯಾಣದ ಪಕ್ಕಕ್ಕೆ ಅಂದಿನ ಉಸ್ಮಾನಾಬಾದ್, ತೆಂಕಣಕ್ಕೆ ಗುಲ್ಬರ್ಗಾ. ಅಂದರೆ ಬೀದರ್ ನಟ್ಟನಡುವೆ. ಅಂದಿನ ಬೀದರ್ ಜಿಲ್ಲೆ ಇಂದಿನದಲ್ಲ ಎಂಬುದನ್ನೂ ಓದುವವರು ನೆನಪಿಡಬೇಕು: ಉದಗೀರ್, ನಿಲಂಗಾ, ಅಹಮದಪುರ ತಾಲ್ಲೂಕುಗಳು 1956ರಲ್ಲಿ ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ್ ಮತ್ತು ನಾರಾಯಣಖೇಡ ಆಂಧ್ರಕ್ಕೆ. ಜಿಲ್ಲೆ ಮೂರು ಪಾಲಾದಾಗ ನೆನಪೂ ಮೂರು ಪಾಲಾಯಿತು. ಈಗ ಒಂದೊಂದು ರಾಜ್ಯವೂ ಸೆಪ್ಟೆಂಬರ್ 17ಕ್ಕೆ ತನ್ನದೇ ಹೆಸರಿಟ್ಟುಕೊಂಡಿದೆ. ಹಳ್ಳಿಯ ಹಿರಿಯರು ಮಾತ್ರ ಇವ್ಯಾವ ಹೆಸರನ್ನೂ ಬಳಸದೆ 'ಪೊಲೀಸ್ ಆಕ್ಷನ್' ಎನ್ನುತ್ತಾರೆ. ಅಧಿಕಾರಿಗಳು ಯುದ್ಧವೆಂಬ ಮಾತನ್ನು ತಪ್ಪಿಸಲು ಕಟ್ಟಿದ ಪದ ಬಡವರ ಬಾಯಲ್ಲಿ ಕಾಲಗಣನೆಯ ಪದವಾಯಿತು: ಮದುವೆಯಾದದ್ದು ಪೊಲೀಸ್ ಆಕ್ಷನ್‌ಗೆ ಮುಂಚೆ, ಹೊಲ ಹೋದದ್ದು ಪೊಲೀಸ್ ಆಕ್ಷನ್‌ನ ಮೇಲೆ.

'ಹೊಲ ಹೋದದ್ದು' ಎಂಬ ಮಾತಿನಲ್ಲಿ ನಮಗೆ ಹೆಚ್ಚು ಆಸಕ್ತಿ. ಹಿಂಸೆಯ ಚರ್ಚೆ ಸಾಮಾನ್ಯವಾಗಿ ಸತ್ತವರ ಎಣಿಕೆಯಲ್ಲಿ ಸಿಕ್ಕಿಬೀಳುತ್ತದೆ. 27 ಸಾವಿರವೋ 40 ಸಾವಿರವೋ, ಉತ್ಪ್ರೇಕ್ಷೆಯೋ ಅಲ್ಲವೋ ಎಂದು ಬಲ್ಲವರು ವಾದಿಸುತ್ತಾರೆ. ವರದಿಯ ನಿಜವಾದ ಬೆಲೆ ಅದು ಬದುಕಿ ಉಳಿದವರನ್ನು ಕುರಿತು ಹೇಳುವ ಮಾತುಗಳಲ್ಲಿದೆಯೆಂದು ನಮಗೆ ತೋರುತ್ತದೆ: ವಿಧವೆಯರು, ಅನಾಥ ಮಕ್ಕಳು, ಕೈವಶವಾದ ಮನೆ ಮತ್ತು ಜಮೀನುಗಳು, ಬಲವಂತದ ಮತಾಂತರ, ಅಪಹೃತ ಹೆಂಗಸರು. ವರದಿ ಇವನ್ನು ಹೆಸರಿಸಿ ಪರಿಹಾರವನ್ನು ಕೇಳುತ್ತದೆ. ಹೆಸರಿಸುವಷ್ಟು ದೂರ ಬಂದದ್ದೇ ಅದರ ಧೈರ್ಯ. ಬಿಡಿಸಿ ನೋಡದೆ ಹೋದದ್ದು ಅದರ ಕೊರತೆ.

ಬಿಡಿಸಿ ನೋಡೋಣ. ಸೆಪ್ಟೆಂಬರ್ ನಡು ಎಂದರೆ ನಮ್ಮ ಸೀಮೆಯಲ್ಲಿ ಹೆಸರು, ಉದ್ದು ರಾಶಿಯಾಗಿ ಮನೆಗೆ ಬಂದಿರುವ ಇಲ್ಲವೇ ಬರುತ್ತಿರುವ ಹೊತ್ತು. ತೊಗರಿ ಇನ್ನೂ ಹಸಿರು. ಹಿಂಗಾರಿ ಜೋಳಕ್ಕೂ ಕಡಲೆಗೂ ಹೊಲ ಹದ ಮಾಡಿ ಬಿತ್ತುವ ದಿನಗಳು ಎದುರಿಗೇ ಇವೆ. ಆ ಹದ ತಪ್ಪಿದರೆ ಕಪ್ಪು ಎರೆಮಣ್ಣು ಮತ್ತೆ ಅವಕಾಶ ಕೊಡುವುದಿಲ್ಲ. ಇಂಥ ವಾರಗಳಲ್ಲಿ ಗಂಡಸರನ್ನೂ ಎತ್ತುಗಳನ್ನೂ ಕಳೆದುಕೊಂಡ ಮನೆಯ ಸ್ಥಿತಿಯನ್ನು ಒಕ್ಕಲುತನ ಬಲ್ಲ ಯಾರೂ ಊಹಿಸಬಹುದು. ಕಣಜದ ಹೆಸರು ಲೂಟಿಗೆ, ತೊಗರಿ ಕೊಯ್ಯಲು ಆಳಿಲ್ಲ, ಜೋಳ ಬಿತ್ತಲೇ ಇಲ್ಲ. ಕಣಜ ತುಂಬಿಸಬೇಕೆಂದರೆ ಇನ್ನೊಂದು ಮಳೆಗಾಲ, ಇನ್ನೊಂದು ರಾಶಿ ಬರಬೇಕು. ಅಲ್ಲಿಯವರೆಗೆ ಸಾಲ, ಸಾಲಕ್ಕೆ ಜಮೀನು ಆಧಾರ, ಜಮೀನಿನ ಕಾಗದಕ್ಕೆ ಹೆಬ್ಬೆಟ್ಟೊತ್ತುವವಳು ಅಕ್ಷರ ಬಾರದ ವಿಧವೆ. ಕತ್ತಿ ಹಿಡಿದು ಕಸಿದುಕೊಂಡ ಹೊಲಕ್ಕಿಂತ ಹೀಗೆ ಮೆಲ್ಲನೆ ಜಾರಿದ ಹೊಲವನ್ನು ಹಿಂದಕ್ಕೆ ಪಡೆಯುವುದು ಕಷ್ಟ, ಏಕೆಂದರೆ ಅಲ್ಲಿ ಎಲ್ಲವೂ ಕಾಗದದ ಪ್ರಕಾರ ಸರಿಯಾಗಿರುತ್ತದೆ. ಡಿಸೆಂಬರ್‌ನಲ್ಲಿ ಹೊರಟುಹೋದ ಸಮಿತಿ ಇದನ್ನು ಕಾಣುವಂತಿರಲಿಲ್ಲ. ಇದು ಆಗಿನ್ನೂ ಶುರುವಾಗುತ್ತಿತ್ತು.

ಹಳ್ಳಿಯ ಅರ್ಥವ್ಯವಸ್ಥೆ ಒಂದೊಂದು ಮನೆಯಾಗಿ ನಿಂತದ್ದೂ ಅಲ್ಲ. ಬಡಗಿ, ಕಮ್ಮಾರ, ಸಮಗಾರ, ಮಾದಿಗ, ಹೊಲೆಯ ಇವರೆಲ್ಲ ರಾಶಿಯ ಕಾಲಕ್ಕೆ ಒಕ್ಕಲಿಗನ ಕಣದಿಂದ ಆಯದ ಧಾನ್ಯ ಪಡೆದು ವರ್ಷ ಸಾಗಿಸುತ್ತಿದ್ದವರು. ಕಣದಲ್ಲಿ ರಾಶಿಯಿಲ್ಲವಾದರೆ ಆಯವೂ ಇಲ್ಲ. ನಮ್ಮ ಜಿಲ್ಲೆಯ ಕ್ರೈಸ್ತ ವಿಶ್ವಾಸಿಗಳಲ್ಲಿ ಬಹುಪಾಲು ಜನರ ಹಿರಿಯರು ಈ ಕಡೆಯ ಸಾಲಿನಲ್ಲಿ ನಿಂತಿದ್ದವರು. ಅಂದು ಬೀದರ್‌ನಲ್ಲಿ ಮೆಥಡಿಸ್ಟ್ ಮಿಷನ್ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನೆಲೆಯೂರಿತ್ತು. ಗುಲ್ಬರ್ಗಾ ಕಥೋಲಿಕ ಧರ್ಮಕ್ಷೇತ್ರ 2005ರ ಕೂಸು. ಹೀಗಿರುವಾಗ 'ಅದು ಹಿಂದೂ–ಮುಸ್ಲಿಮರ ಜಗಳ, ನಮಗೇನು' ಎಂಬ ಉದಾಸೀನಕ್ಕೆ ನಮ್ಮಲ್ಲಿ ಆಧಾರವಿಲ್ಲ.

ಇಲ್ಲಿ ವರದಿಯ ಎರಡನೆಯ ಕೊರತೆ ಎದುರಾಗುತ್ತದೆ. ಅದರ ಚೌಕಟ್ಟು ಎರಡು ಕೋಮುಗಳದ್ದು. ಭೂಮಿಯಿಲ್ಲದವರ ಪ್ರಶ್ನೆ, ದಲಿತರ ಪ್ರಶ್ನೆ ಅದರೊಳಗೆ ಸ್ವತಂತ್ರವಾಗಿ ಬೆಳೆಯುವುದಿಲ್ಲ. ಇತಿಹಾಸ ಮಾತ್ರ ಅಷ್ಟು ಸರಳವಾಗಿರಲಿಲ್ಲ. ದಲಿತ ನಾಯಕ ಬಿ. ಶ್ಯಾಮಸುಂದರ್ ಅವರು 1948ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಹೋದ ನಿಜಾಮ ಸರ್ಕಾರದ ನಿಯೋಗದಲ್ಲಿದ್ದರು. ಇಪ್ಪತ್ತು ವರ್ಷಗಳ ಬಳಿಕ ಗುಲ್ಬರ್ಗಾದಲ್ಲಿ ಭೀಮಸೇನೆ ಕಟ್ಟಿದವರೂ ಅವರೇ. ಜಮೀನ್ದಾರಿಕೆಯ ಹಿಂದೂ ಯಜಮಾನನಿಗಿಂತ ದೂರದ ಮುಸ್ಲಿಂ ದೊರೆಯೇ ವಾಸಿ ಎಂದು ಎಣಿಸಿದ ಶೋಷಿತರಿದ್ದರೆಂದರೆ ಫರೋಹ ಯಾರು ಎಂಬ ಪ್ರಶ್ನೆಗೆ ಒಂದೇ ಉತ್ತರ ಸಾಲದು. ಅದೇ ರೀತಿ, ಸೇನಾ ಆಡಳಿತವೆಂದರೆ ಕೇಡು ಮಾತ್ರವೆಂದೂ ಹೇಳಲಾಗದು. ಮೇಜರ್ ಜನರಲ್ ಜೆ. ಎನ್. ಚೌಧುರಿಯವರು ಸೇನಾ ರಾಜ್ಯಪಾಲರಾಗಿದ್ದ ಆ ಹದಿನೈದು ತಿಂಗಳ ಅವಧಿಯಲ್ಲಿಯೇ, 1949ರ ಆಗಸ್ಟ್‌ನಲ್ಲಿ, ಜಾಗೀರು ಪದ್ಧತಿ ರದ್ದಾಯಿತು. 1950ರ ಗೇಣಿ ಕಾಯಿದೆ ಸಾಗುವಳಿದಾರನಿಗೆ ಒಂದಿಷ್ಟು ರಕ್ಷಣೆ ಕೊಟ್ಟಿತು. ವಿಧವೆಯ ಹೊಲ ಜಾರುತ್ತಿದ್ದ ವರ್ಷಗಳೇ ಗೇಣಿದಾರ ತಲೆಯೆತ್ತಿದ ವರ್ಷಗಳೂ ಹೌದು. ಎರಡೂ ಒಂದೇ ಊರಿನ ಸಂಗತಿಗಳು, ಕೆಲವೊಮ್ಮೆ ಒಂದೇ ಸರ್ವೆ ನಂಬರಿನವು.

ಮುಸ್ಲಿಂ ಸಮಾಜದಲ್ಲಿ ಹೊಲಕ್ಕಿಂತ ಸರ್ಕಾರಿ ನೌಕರಿಯನ್ನೇ ನಂಬಿದ್ದವರ ಕಥೆ ಬೇರೆ. ಸಂಸ್ಥಾನದ ಸೇನೆ, ಪೊಲೀಸು, ಕಂದಾಯ ಇಲಾಖೆಗಳಲ್ಲಿ ಇದ್ದ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಕಚೇರಿಯ ಭಾಷೆ ಬದಲಾದಂತೆ ಉರ್ದು ಬಲ್ಲ ಗುಮಾಸ್ತನ ವಿದ್ಯೆಯೇ ಬೆಲೆ ಕಳೆದುಕೊಂಡಿತು. ಇದನ್ನು ಅತ್ಯಂತ ಬೇಗ ಗ್ರಹಿಸಿ ಬರೆದವರಲ್ಲಿ ಒಬ್ಬರು ನಮ್ಮ ವಿದ್ಯಾರ್ಥಿಗಳಿಗೆ ಬೇರೆ ಕಾರಣಕ್ಕೆ ಪರಿಚಿತರು: ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್. ಧರ್ಮಗಳ ಅಧ್ಯಯನದ ಪಾಠದಲ್ಲಿ ನಾವು ಓದುವ ಈ ಪ್ರೆಸ್ಬಿಟೇರಿಯನ್ ಬೋಧಕರು 1950ರಲ್ಲಿ ಹೈದರಾಬಾದಿನ ಮುಸಲ್ಮಾನರ ದುರಂತದ ಮೇಲೆ ದೀರ್ಘ ಲೇಖನವೊಂದನ್ನು ಪಶ್ಚಿಮ ಏಷ್ಯಾದ ಅಧ್ಯಯನಕ್ಕೆ ಮೀಸಲಾದ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಿಂಸೆಯನ್ನು ಹೇಳುವಾಗ ಆ ಸಮಾಜದ ನಾಯಕತ್ವದ ಕುರುಡನ್ನೂ ಅವರು ಮರೆಮಾಚುವುದಿಲ್ಲ. ಅವರ ಧರ್ಮವಿಚಾರವನ್ನು ಮಾತ್ರ ಕಲಿಸಿ ಈ ಲೇಖನವನ್ನು ಕಲಿಸದೆ ಬಿಡುವುದು ನಮ್ಮ ಪಠ್ಯಕ್ರಮಗಳ ಒಂದು ವಿಚಿತ್ರ.

ಪಶ್ಚಿಮ ಏಷ್ಯಾ ಎಂದೆವು. ಸುಂದರಲಾಲ್ ವರದಿಯ ಪಕ್ಕಕ್ಕೆ ಇಟ್ಟು ಓದಲು ನಾವು ಸೂಚಿಸುವ ಇನ್ನೊಂದು ಪಠ್ಯ ಅಲ್ಲಿನದು: 2009ರ ಡಿಸೆಂಬರ್‌ನಲ್ಲಿ ಬೆತ್ಲೆಹೇಮಿನಲ್ಲಿ ಪ್ಯಾಲೆಸ್ಟೀನಿನ ಕ್ರೈಸ್ತರು ಹೊರಡಿಸಿದ 'ಕೈರೋಸ್ ಪ್ಯಾಲೆಸ್ಟೀನ್' ಹೇಳಿಕೆ. ನಿವೃತ್ತ ಲತೀನ್ ಪಿತೃಪ್ರಧಾನ ಮಿಷೆಲ್ ಸಬ್ಬಾ ಅದರ ಕರ್ತೃಗಳಲ್ಲಿ ಒಬ್ಬರು. ಅದು ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂರು ದೈವಿಕ ಗುಣಗಳ ಕ್ರಮದಲ್ಲಿ ಕಟ್ಟಿದ ಬರೆಹ. ಆದರೆ ಅವುಗಳಿಗೂ ಮೊದಲು, ನೆಲದ ಮೇಲಿನ ಸ್ಥಿತಿ ಬರುತ್ತದೆ: ಹೊಲವನ್ನು ಸೀಳಿಕೊಂಡು ಹೋದ ಗೋಡೆ, ವಸಾಹತುಗಳು, ತಪಾಸಣಾ ಠಾಣೆಗಳು, ಗಂಡ ಒಂದೆಡೆ ಹೆಂಡತಿ ಒಂದೆಡೆಯಾಗಿ ಒಡೆದ ಕುಟುಂಬಗಳು, ಪ್ರಾರ್ಥನೆಗೆ ಜೆರುಸಲೇಮಿಗೆ ಹೋಗಲೂ ಬೇಕಾದ ಪರವಾನಗಿ, ಊರು ಬಿಟ್ಟುಹೋಗುತ್ತಿರುವ ಯುವಕರು. ಅದಾದ ಮೇಲೆಯೇ ಆಕ್ರಮಣವು ಪಾಪವೆಂಬ ದೈವಶಾಸ್ತ್ರೀಯ ತೀರ್ಮಾನ. ನೆಲದ ಮೇಲಿನ ಸಂಗತಿಯಿಂದ ತೀರ್ಮಾನಕ್ಕೆ ಏರುವ ಈ ಕ್ರಮವನ್ನು ನಾವು ಮೆಚ್ಚುತ್ತೇವೆ. ಸುಂದರಲಾಲ್ ವರದಿಯಲ್ಲಿ ನೆಲವಿದೆ, ಏರಿಕೆಯಿಲ್ಲ. ನಮ್ಮ ಸೆಪ್ಟೆಂಬರ್ ಪ್ರಬೋಧನೆಗಳಲ್ಲಿ ಏರಿಕೆಯಿದೆ, ನೆಲವಿಲ್ಲ.

ಸೇನೆಯ ಕೆಳಗೆ ಬದುಕುವುದೆಂದರೆ ದಿನನಿತ್ಯದ ಅರ್ಥವ್ಯವಸ್ಥೆ ಕುಸಿಯುವುದು ಎಂಬ ತಿಳಿವು ಹೊಸದೂ ಅಲ್ಲ. ಗಾಜಾ ಪಟ್ಟಿಯ ಅರ್ಥವ್ಯವಸ್ಥೆ ಹಿಂದುಳಿದದ್ದಲ್ಲ, ಬೆಳೆಯುವ ಶಕ್ತಿಯನ್ನೇ ಕಳಚಿ ಹಾಕಿದ್ದು ಎಂದು ಸಾರಾ ರಾಯ್ 1995ರಲ್ಲಿ ವಾದಿಸಿದರು. ಆಕೆ ನಾಜಿ ಶಿಬಿರಗಳಿಂದ ಬದುಕಿ ಬಂದ ಯೆಹೂದಿ ದಂಪತಿಗಳ ಮಗಳು. ಆ ವಿಶ್ಲೇಷಣೆಯ ಬೀಜ ಪ್ರಲಾಪಗಳ ಗ್ರಂಥದ ಐದನೆಯ ಅಧ್ಯಾಯದಲ್ಲಿಯೇ ಇದೆ. ಬಾಬಿಲೋನಿಯರ ಸೇನೆಗೆ ಬಿದ್ದ ಜೆರುಸಲೇಮಿನ ಆ ಪ್ರಾರ್ಥನೆ ದೇವಾಲಯದ ನಾಶಕ್ಕೆ ಬರುವ ಮೊದಲು ಪಿತ್ರಾರ್ಜಿತ ಭೂಮಿ ಪರರ ಪಾಲಾದುದನ್ನು, ತಾಯಂದಿರು ವಿಧವೆಯರಾದುದನ್ನು, ತಮ್ಮದೇ ನೀರನ್ನೂ ಸೌದೆಯನ್ನೂ ಹಣಕೊಟ್ಟು ಕೊಳ್ಳಬೇಕಾಗಿ ಬಂದುದನ್ನು ಹೇಳಿಕೊಳ್ಳುತ್ತದೆ. ಭೂಮಿ, ವಿಧವೆ, ನೀರು, ಸೌದೆ: ಇಷ್ಟನ್ನು ಬಿಟ್ಟು ಪ್ರಾರ್ಥಿಸಲು ಆ ಜನಕ್ಕೆ ಬರುತ್ತಿರಲಿಲ್ಲ.

ಹೋಲಿಕೆ ಒಂದು ಹಂತದಲ್ಲಿ ನಿಲ್ಲಬೇಕು. 1948ರ ಬೀದರ್ ಇಂದಿನ ಪಶ್ಚಿಮ ದಂಡೆಯಲ್ಲ, ಗಾಜಾವಂತೂ ಅಲ್ಲವೇ ಅಲ್ಲ. ಇಲ್ಲಿ ಸೇನಾ ಆಡಳಿತ 1949ರ ಕೊನೆಗೆ ಮುಗಿಯಿತು. ಸಂವಿಧಾನ ಬಂತು. 1952ರ ಚುನಾವಣೆಯಲ್ಲಿ ನಿನ್ನೆ ಲೂಟಿಗೊಳಗಾದವನೂ ಲೂಟಿ ಮಾಡಿದವನೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದರು. ಅಲ್ಲಿ 1967ರಲ್ಲಿ ಶುರುವಾದ ಸೇನಾಧೀನತೆ ಎರಡು ತಲೆಮಾರು ದಾಟಿದೆ. ಅದು ಕಾನೂನುಬಾಹಿರವೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2024ರ ಜುಲೈನಲ್ಲಿ ಅಭಿಪ್ರಾಯ ಕೊಟ್ಟಿದೆ. ಆದ್ದರಿಂದ 1948ಕ್ಕೆ ನಾವು 'ಆಕ್ರಮಣ' ಎಂಬ ಪದವನ್ನು ಬಳಸುವುದಿಲ್ಲ. ಹೋಲಿಕೆ ಇರುವುದು ರಾಜ್ಯಶಾಸ್ತ್ರದಲ್ಲಲ್ಲ, ಅಡುಗೆಮನೆಯಲ್ಲಿ.

ಪ್ಯಾಲೆಸ್ಟೀನಿನ ದೈವಶಾಸ್ತ್ರಜ್ಞರಿಂದ ನಾವು ಕಲಿಯಬೇಕಾದ ಮುಖ್ಯ ಪಾಠ ಇನ್ನೊಂದಿದೆ. ಲತೀನ್ ಅಮೆರಿಕದಲ್ಲಿ ಗುಸ್ತಾವೊ ಗುತಿಯೆರೆಸ್ 1971ರಲ್ಲಿ ವಿಮೋಚನಕಾಂಡವನ್ನು ಬಡವರ ಗ್ರಂಥವಾಗಿ ಓದಿದರು. ಅದೇ ಗ್ರಂಥವನ್ನು ಜೆರುಸಲೇಮಿನ ಆಂಗ್ಲಿಕನ್ ಯಾಜಕ ನಯೀಮ್ ಅತೀಕ್ ಓದಿದಾಗ ಎದೆ ನಡುಗಿತು, ಏಕೆಂದರೆ ಕೆಂಪು ಸಮುದ್ರ ದಾಟಿದ ದಾರಿ ಯೆಹೋಶುವನ ಯುದ್ಧಗಳಿಗೆ ಹೋಗಿ ಸೇರುತ್ತದೆ, ಮತ್ತು ಆ ಯುದ್ಧಗಳಲ್ಲಿ ಕಾನಾನ್ಯರ ಸ್ಥಾನದಲ್ಲಿ ಆತ ಕಂಡದ್ದು ತನ್ನ ತಂದೆಯನ್ನು. ಅಮೆರಿಕದ ಮೂಲನಿವಾಸಿಗಳ ಪರವಾಗಿ ರಾಬರ್ಟ್ ಆಲನ್ ವಾರಿಯರ್ 1989ರಲ್ಲಿ ಎತ್ತಿದ ಆಕ್ಷೇಪವೂ ಇದೇ. ವಿಮೋಚನೆಯ ಕಥೆಯಲ್ಲಿ ನಾವೆಲ್ಲರೂ ಇಸ್ರಯೇಲರಾಗಲು ಬಯಸುತ್ತೇವೆ. ಕಾನಾನ್ಯನಾಗಿ ಕೂತು ಅದನ್ನು ಕೇಳುವವನು ನಮ್ಮ ಪಕ್ಕದ ಮನೆಯಲ್ಲೇ ಇರಬಹುದು. ಭಾಲ್ಕಿಯ ಸಂತೆಯಲ್ಲಿ ಬಳೆ ಮಾರುವ ಮುಸ್ಲಿಂ ಹೆಂಗಸಿನ ಕಿವಿಗೆ ಸೆಪ್ಟೆಂಬರ್ 17ರ ಧ್ವನಿವರ್ಧಕ ಹೇಗೆ ಕೇಳಿಸುತ್ತದೆ ಎಂಬುದು ದೈವಶಾಸ್ತ್ರದ ಹೊರಗಿನ ಪ್ರಶ್ನೆಯಲ್ಲ.

ಇಷ್ಟಕ್ಕೂ ನಿಜಾಮನ ಫರೋಹ ವೇಷ ಇತಿಹಾಸದಲ್ಲಿ ನಿಲ್ಲುವುದಿಲ್ಲ. ಬೈಬಲಿನ ಫರೋಹನ ಸೈನ್ಯ ಸಮುದ್ರದ ಪಾಲಾಯಿತು. ಏಳನೆಯ ನಿಜಾಮನೋ 1950ರಿಂದ 1956ರವರೆಗೆ ಹೈದರಾಬಾದ್ ರಾಜ್ಯದ ರಾಜಪ್ರಮುಖನಾಗಿ ಗೌರವದಿಂದಿದ್ದನು. ರಜಾಕಾರರ ನಾಯಕ, ಲಾತೂರಿನ ವಕೀಲ ಖಾಸಿಂ ರಜ್ವಿ ಸೆರೆವಾಸ ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ಹೊರಟುಹೋದನು. ನೀರಿನಲ್ಲಿ ಮುಳುಗಿದ್ದು ಅರಮನೆಯೂ ಅಲ್ಲ, ನಾಯಕನೂ ಅಲ್ಲ. ರಜಾಕಾರ ಸಮವಸ್ತ್ರವನ್ನು ಎಂದೂ ತೊಡದ ನೇಕಾರ, ರೈತ, ಚಪರಾಸಿ. ಇದನ್ನು ಹೇಳದ ಪ್ರಬೋಧನೆ ಕೇಳಲು ಎಷ್ಟೇ ಚೆನ್ನಾಗಿದ್ದರೂ ಅದು ಹೋಲಿಕೆಯನ್ನು ಅರ್ಧಕ್ಕೇ ಕತ್ತರಿಸಿದೆ.

ವಿಮೋಚನಕಾಂಡದ ಒಳಗೇ ಇದಕ್ಕೆ ತಿದ್ದುಪಡಿಯಿದೆ ಎಂಬುದನ್ನು ಯೆಹೂದಿ ಸಂಪ್ರದಾಯ ನಮಗಿಂತ ಚೆನ್ನಾಗಿ ಅರಿತಿದೆ. ಈಜಿಪ್ಟಿನವರು ಮುಳುಗುತ್ತಿದ್ದಾಗ ಹಾಡಲು ಹೊರಟ ದೇವದೂತರನ್ನು ದೇವರು ತಡೆದರೆಂಬ ಕಥೆ ತಾಲ್ಮೂದಿನಲ್ಲಿದೆ: ಮುಳುಗುತ್ತಿರುವವರೂ ಆತನ ಕೈಕೆಲಸವೇ. ಪಾಸ್ಖ ಭೋಜನದಲ್ಲಿ ಹತ್ತು ಬಾಧೆಗಳನ್ನು ಹೇಳುವಾಗ ಪಾತ್ರೆಯಿಂದ ದ್ರಾಕ್ಷಾರಸದ ಹನಿಗಳನ್ನು ಚೆಲ್ಲಿ ಸಂತೋಷವನ್ನು ಕಡಿಮೆ ಮಾಡಿಕೊಳ್ಳುವ ಪದ್ಧತಿಯೂ ಇದೆ. ನಾವು ಪಾಸ್ಖ ಜಾಗರಣೆಯಲ್ಲಿ ಹದಿನಾಲ್ಕನೆಯ ಅಧ್ಯಾಯವನ್ನು ತಪ್ಪದೆ ಓದುತ್ತೇವೆ. ಆದರೆ ಇಪ್ಪತ್ತೆರಡನೆಯ ಅಧ್ಯಾಯಕ್ಕೆ ಬಂದಾಗ ದನಿ ತಗ್ಗುತ್ತದೆ. ಬಿಡುಗಡೆಯಾದ ಜನಕ್ಕೇ ಅಲ್ಲಿ ಪರದೇಶಿ, ವಿಧವೆ, ಅನಾಥರನ್ನು ಕುರಿತು ಕಟ್ಟಳೆ ಬರುತ್ತದೆ. ಅವರನ್ನು ಪೀಡಿಸಿದರೆ ನಿಮ್ಮ ಹೆಂಡಿರೂ ವಿಧವೆಯರಾಗುವರು ಎಂಬ ಎಚ್ಚರಿಕೆಯೂ ಬರುತ್ತದೆ. ಸುಂದರಲಾಲ್ ವರದಿಯ ಪಟ್ಟಿಯಲ್ಲಿ ಇರುವವರು ಅಕ್ಷರಶಃ ಇವರೇ. ವರದಿಯಲ್ಲಿ ಬರುವ ಸೈನಿಕರನ್ನು ಓದುವಾಗ ನಮಗೆ ಲೂಕನ ಶುಭಸಂದೇಶದ ಮೂರನೆಯ ಅಧ್ಯಾಯ ನೆನಪಾಗುತ್ತದೆ. ಜೋರ್ಡಾನಿನ ದಡದಲ್ಲಿ ಸ್ನಾನಿಕ ಯೊವಾನ್ನನನ್ನು ನಾವೇನು ಮಾಡಬೇಕೆಂದು ಕೇಳಿದ ಸೈನಿಕರಿಗೆ ಆತ ಆಯುಧ ಕೆಳಗಿಡಿ ಎನ್ನಲಿಲ್ಲ. ಯಾರಿಂದಲೂ ಕಸಿದುಕೊಳ್ಳಬೇಡಿ, ಸುಳ್ಳು ಆಪಾದನೆ ಹೊರಿಸಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದನು. ಸೇನೆ ಊರೊಳಗೆ ಬಂದಾಗ ಬಡವನಿಗೆ ಏನಾಗುತ್ತದೆಂಬುದನ್ನು ಬಲ್ಲವನ ಮಾತು ಅದು.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಇದೆಲ್ಲ ಗೋರ್ಟಾದ ಸತ್ತವರಿಗೆ ಮಾಡುವ ಅನ್ಯಾಯವಲ್ಲವೆ? ಅಲ್ಲಿ 2023ರ ಮಾರ್ಚ್‌ನಲ್ಲಿ ಸ್ಮಾರಕವೊಂದು ಉದ್ಘಾಟನೆಯಾಯಿತು. ಎತ್ತರದ ಧ್ವಜ ಹಾರುತ್ತದೆ. ಅಷ್ಟು ವರ್ಷ ತಡವಾಗಿ ಸಿಕ್ಕ ಮನ್ನಣೆಯನ್ನು ಯಾಜಕರು ಕೆದಕಬೇಕೆ ಎಂದು ನಮ್ಮನ್ನು ಕೇಳಿದವರಿದ್ದಾರೆ. ಗೋರ್ಟಾಕ್ಕೆ ಸ್ಮಾರಕ ಬೇಕಾಗಿತ್ತು, ತಡವಾದದ್ದೇ ತಪ್ಪು ಎಂಬುದು ನಮ್ಮ ಅಭಿಪ್ರಾಯ. ಆದರೆ ಮೇ ತಿಂಗಳಿಗೆ ಕಲ್ಲು ನೆಟ್ಟು ಸೆಪ್ಟೆಂಬರ್–ಅಕ್ಟೋಬರ್‌ಗೆ ಬಾಯಿ ಹೊಲಿದರೆ ಸತ್ತವರು ಸತ್ತವರಿಗೆ ವಿರುದ್ಧವಾಗಿ ಸಾಕ್ಷಿ ನಿಲ್ಲಬೇಕಾಗುತ್ತದೆ. ಯೊಹಾನ್ ಬ್ಯಾಪ್ಟಿಸ್ಟ್ ಮೆಟ್ಸ್ 'ಅಪಾಯಕಾರಿ ಸ್ಮರಣೆ' ಎಂದು ಕರೆದದ್ದು ಪರರ ನೋವಿನ ನೆನಪನ್ನು; ತನ್ನ ನೋವನ್ನು ನೆನೆಯುವುದು ಯಾರಿಗೂ ಅಪಾಯವಲ್ಲ. 2000ದ ಜ್ಯುಬಿಲಿ ವರ್ಷದಲ್ಲಿ ವಿಶ್ವಗುರು ಎರಡನೇ ಜಾನ್ ಪಾಲರು ಸ್ಮರಣೆಯ ಶುದ್ಧೀಕರಣಕ್ಕೆ ಕರೆಕೊಟ್ಟಾಗ ಮೊದಲು ಧರ್ಮಸಭೆಯ ತಪ್ಪುಗಳನ್ನೇ ಎಣಿಸಿದರು. ಕ್ರಮ ಅದು.

ವರದಿಯ ಒಂದು ಭಾಗವನ್ನು ನಾವು ತರಗತಿಯಲ್ಲಿ ಪ್ರತಿವರ್ಷ ಗಟ್ಟಿಯಾಗಿ ಓದಿಸಲು ಬಯಸುತ್ತೇವೆ. ನೆರೆಯ ಮುಸಲ್ಮಾನರನ್ನು ಉಳಿಸಲು ಜೀವ ಪಣವಿಟ್ಟ ಹಿಂದೂಗಳನ್ನು ಸಮಿತಿ ಹಲವೆಡೆ ಕಂಡಿತು. ಒಂದೇ ಕಸುಬಿನವರ ನಡುವೆ ಈ ಕಳಕಳಿ ಹೆಚ್ಚು ಗಟ್ಟಿಯಾಗಿತ್ತೆಂದು ಅದು ಗುರುತಿಸುತ್ತದೆ: ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ಹಿಂದೂಗಳ ವಿರುದ್ಧವೇ ನಿಂತರು, ಪ್ರಾಣವನ್ನೂ ತೆತ್ತರು. ಅಪಹೃತ ಹೆಂಗಸರನ್ನು ಹುಡುಕಿ ತರಲು ನೆರವಾದ ಹಿಂದೂಗಳ ಮಾತೂ ಅಲ್ಲಿದೆ. ಪ್ರೀತಿಯ ಬಗ್ಗೆ ಬರೆಯುವ ನಮ್ಮಂಥವರು ಗಮನಿಸಬೇಕಾದದ್ದು, ಆ ನೇಕಾರರನ್ನು ಕೂಡಿಸಿದ್ದು ಯಾವ ಪ್ರಬೋಧನೆಯೂ ಅಲ್ಲ. ಒಂದೇ ನೂಲು, ಒಂದೇ ಸಾಹುಕಾರನ ಸಾಲ, ಒಂದೇ ಸಂತೆ. ಬದುಕಿನ ಸ್ಥಿತಿಗತಿಯೆಂಬುದು ಹಿಂಸೆಯಿಂದ ಕೆಡುವ ವಸ್ತು ಮಾತ್ರವಲ್ಲ, ಕೆಲವೊಮ್ಮೆ ಹಿಂಸೆಯನ್ನು ತಡೆದು ನಿಲ್ಲಿಸುವುದೂ ಅದೇ ಎಂಬ ಈ ಸೂಚನೆಯನ್ನು ವರದಿ ಒಂದೆರಡು ವಾಕ್ಯಗಳಲ್ಲಿ ಹೇಳಿ ಮುಂದೆ ಹೋಗಿಬಿಡುತ್ತದೆ.

ಮುಂದೆ ಹೋಗದೆ ನಿಂತು ಕೇಳುವ ಕೆಲಸ ಇನ್ನೂ ಬಾಕಿಯಿದೆ, ಸಮಯ ಮಾತ್ರ ಹೆಚ್ಚಿಲ್ಲ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಸೇವಾಭ್ಯಾಸಕ್ಕೆಂದು ಭಾಲ್ಕಿ, ಔರಾದ್ ಭಾಗದ ಹಳ್ಳಿಗಳಿಗೆ ಹೋಗುವ ಬ್ರದರುಗಳಿಗೆ ನಾವು ಕೊಡುವ ಪ್ರಶ್ನೆಗಳು ಚಿಕ್ಕವು: ಆ ವರ್ಷ ಹಿಂಗಾರಿ ಬಿತ್ತಿದಿರಾ? ಬೀಜ ಯಾರು ಕೊಟ್ಟರು? ಎತ್ತು ಯಾರದು? ಬಾವಿಯಲ್ಲಿ ನೀರು ಸೇದುವುದನ್ನು ಮತ್ತೆ ಎಂದು ಶುರುಮಾಡಿದಿರಿ? ಈ ಪ್ರಶ್ನೆಗಳನ್ನು ಲಿಂಗಾಯತರ ಮನೆಯಲ್ಲೂ ಮುಸಲ್ಮಾನರ ಮನೆಯಲ್ಲೂ ಮಾದಿಗರ ಕೇರಿಯಲ್ಲೂ ಒಂದೇ ರೀತಿಯಲ್ಲಿ ಕೇಳಬೇಕು, ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದುಕೊಳ್ಳಬೇಕು. ಹೆಸರು ಬೇಡವೆಂದರೆ ಹೆಸರು ಬರೆಯಬಾರದು.